ಮದ್ದಳೆಯ ಬೆರಳಿಗೆ ಕೂಡದ ಕೆಲಸ

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯವರು ಅಂಗಳದಲ್ಲಿ ತೆಂಗಿನ ಗರಿ ಉರಿಸಿ ಗೇರುಬೀಜ ಸುಟ್ಟರು. ಮಕ್ಕಳೆಲ್ಲ ಸುತ್ತ ಕುಳಿತು ಗಲಾಟೆ ಮಾಡುತ್ತಿದ್ದರು. ಆ ಖಾರದ ಹೊಗೆ ಕಿಟಕಿಗೆ ಬಂದದ್ದೇ ತಡ, ನಾನು ಎದ್ದು ಅದನ್ನು ಮುಚ್ಚಿದೆ. ಊರವರಿಗೆಲ್ಲ ಬಾಯಲ್ಲಿ ನೀರೂರಿಸುವ ಆ ವಾಸನೆ ನನಗೆ ಆಗುವುದಿಲ್ಲ. ಯಾಕೆಂದು ಇದುವರೆಗೆ ಯಾರಿಗೂ ಹೇಳಿದವಳಲ್ಲ...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಉಡುಪಿಯ ಬಸ್ ನಿಲ್ದಾಣದ ಹತ್ತಿರ ಒಂದು ಮಾಳಿಗೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಒಬ್ಬರು ಕೊಡೆ ರಿಪೇರಿ ಮಾಡುತ್ತಿದ್ದರು. ಯಕ್ಷಗಾನ ಮೇಳದಲ್ಲಿ ಬಹಳ ವರ್ಷ ರಾಕ್ಷಸರ ಬಣ್ಣದ ವೇಷ ಮಾಡಿ, ಮೊಣಕಾಲು ಕೆಟ್ಟು ಗೆಜ್ಜೆ ಬಿಚ್ಚಿದವರು. ಊರಿಗೆಲ್ಲ ಬಣ್ಣದಣ್ಣ, ನನಗೂ ಬಣ್ಣದಣ್ಣ. ರಂಗಸ್ಥಳದಲ್ಲಿ ಅಬ್ಬರಿಸಿ ಮಕ್ಕಳನ್ನು ಅಳಿಸಿದ ಮನುಷ್ಯ ಕೊಡೆಯ ಕಡ್ಡಿಗೆ ನೂಲು ಕಟ್ಟುವಾಗ ಪಕ್ಕದಲ್ಲಿದ್ದಾರೆಂದೇ ಗೊತ್ತಾಗುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ತುಳುನಾಡಿನ ಪತ್ತನಾಜೆಯ ದಿನ ಬಂತೆಂದರೆ ಮೇಳಗಳ ತಿರುಗಾಟ ನಿಲ್ಲುತ್ತದೆ. ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ಕಲಾವಿದರು ಸಿಕ್ಕಿದ ಕೆಲಸ ಹಿಡಿಯಬೇಕು. ಬಣ್ಣದಣ್ಣ ಕೊಡೆ ರಿಪೇರಿ ಕಲಿತದ್ದೂ ಹಾಗೆಯೇ. ಹಳೆಯ ಜೊತೆಗಾರರು ಮೆಟ್ಟಿಲು ಹತ್ತಿ ಬಂದು “ಮಳೆಗಾಲಕ್ಕೆ ಎಂತಾದರೂ ಉಂಟಾ ಅಣ್ಣ?” ಎಂದು ಕೇಳುತ್ತಿದ್ದರು. ಮೊದಲ ವರ್ಷ ಇಬ್ಬರನ್ನು ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಗೆ ಸೇರಿಸಿದರು. ಮರುವರ್ಷ ಹತ್ತು ಜನ ಬಂದರು. ಮೂರನೆಯ ವರ್ಷ ಬಣ್ಣದಣ್ಣನೇ ನನ್ನ ಬಾಗಿಲಲ್ಲಿ ನಿಂತರು.

“ಟೀಚರ್, ಜನ ನನ್ನ ಹತ್ತಿರ ಉಂಟು, ಫೋನು ನಿಮ್ಮ ಹತ್ತಿರ ಉಂಟು. ಇದನ್ನೊಂದು ಸರಿಯಾದ ಉದ್ಯೋಗ ಮಾಡುವ, ಅಲ್ವಾ?”

ನಾನು ಹುಟ್ಟಾ ಪುಕ್ಕಲಿ. ಫೋನು ರಿಂಗಾದರೆ ಯಾರೋ ಸತ್ತಿರಬೇಕು ಎಂದೇ ಅನ್ನಿಸುತ್ತಿತ್ತು. ಆದರೂ ಒಪ್ಪಿಕೊಂಡೆ. ಅವರ ಕ್ರಮವೇ ಅಂಥದ್ದು, ಬೇಡವೆನ್ನಲು ಆಗಲಿಲ್ಲ. ಕೆಲಸ ಕೇಳಿ ಬಂದವರನ್ನು ಏನು ಗೊತ್ತುಂಟು ಎಂದು ಅವರು ಕೇಳುತ್ತಿರಲಿಲ್ಲ. ಕೈ ಹಿಡಿದು ನೋಡುತ್ತಿದ್ದರು, ಮೊಣಕಾಲು ಒತ್ತುತ್ತಿದ್ದರು, ನಾಲ್ಕು ಮಾತಾಡಿಸಿ ಗಂಟಲು ಕೇಳುತ್ತಿದ್ದರು. ಆಮೇಲೆ ನಾನು ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಟೈಪ್ ಮಾಡಬೇಕು. ಹೆಸರಿನ ಕೆಳಗೆ ಒಂದೇ ಶೀರ್ಷಿಕೆ: ಕೂಡದು. ಹಾಡುವ ಭಾಗವತರಿಗೆ ಅಕ್ಕಿಮಿಲ್ಲಿನ ಧೂಳು ಕೂಡದು. ಕುಣಿಯುವವರಿಗೆ ಹೊರೆ ಹೊತ್ತು ಏಣಿ ಹತ್ತುವುದು ಕೂಡದು. ಮದ್ದಳೆ ನುಡಿಸುವವರಿಗೆ ಸುಣ್ಣ, ಸಿಮೆಂಟು, ಚರ್ಮ ಸುಡುವ ಗೇರುಬೀಜದ ಸೊನೆ ಕೂಡದು. ಮಳೆಗಾಲ ಮುಗಿದ ಮೇಲೆ ಕಲಾವಿದ ಹೋದ ಹಾಗೆಯೇ ಮೇಳಕ್ಕೆ ವಾಪಸಾಗಬೇಕು, ಅವರ ಉದ್ಯೋಗದ ಗುಟ್ಟೆಲ್ಲ ಅಷ್ಟೇ.

ಹಾಗಾಗಿಯೇ ಕಾಪುವಿನ ಮರದ ವ್ಯಾಪಾರಿ ಹಾಜಿಯವರು ಒಬ್ಬ ಭಾಗವತರನ್ನು ಚೀಟಿ ಬರೆಯಲು ಇಟ್ಟುಕೊಂಡು, ಗಿರಾಕಿಗಳಿಗೆ “ಅವರನ್ನು ಮಾತಾಡಿಸಬೇಡಿ ಮಾರಾಯರೇ, ಸ್ವರ ಉಳಿಸಬೇಕಂತೆ” ಎಂದು ತಾವೇ ಹೇಳುತ್ತಿದ್ದರಂತೆ. ಹೊಸ ಕಡೆಯಿಂದ ಫೋನು ಬಂದರೆ ಬಣ್ಣದಣ್ಣ ಮೊದಲು ತಾವೇ ಬಸ್ಸು ಹತ್ತಿ ಹೋಗಿ ಅರ್ಧ ದಿನ ಅಲ್ಲಿ ನಿಂತು ನೋಡಿ ಬರುತ್ತಿದ್ದರು. ಹೋಗಿ ನೋಡದೆ ಒಬ್ಬನನ್ನೂ ಕಳಿಸಿದ್ದಿಲ್ಲ.

ಕಳಿಸಿದ್ದು ನಾನು.

ಒಂದು ವರ್ಷದ ಆಟಿ ತಿಂಗಳು, ಮಳೆಗಾಲದ ನಟ್ಟನಡುವೆ. ಶಿರ್ವದಲ್ಲಿ ಬೀಗ ಹಾಕಿದ ಗಲ್ಫಿನವರ ಮನೆಯೊಂದಕ್ಕೆ ಕಾವಲಿನ ಜನ ಬೇಕೆಂದು ಬಣ್ಣದಣ್ಣ ಅಲ್ಲಿಗೆ ಹೋಗಿದ್ದರು. ಎಲ್ಲೂರೆಂಬ ಊರಿನ ಮದ್ದಳೆಗಾರರೊಬ್ಬರು ಬೆಳಿಗ್ಗೆಯಿಂದ ನನ್ನ ಬೆಂಚಿನ ಮೇಲೆ ಕುಳಿತಿದ್ದರು. ಹೆಂಡತಿಗೆ ಎಂಟು ತಿಂಗಳು, ಮೂರು ವಾರದಿಂದ ಕೆಲಸವಿಲ್ಲ. ಅಷ್ಟರಲ್ಲಿ ಕಾರ್ಕಳದ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಿಂದ ಫೋನು ಬಂತು. ಮೂಟೆ ಎಣಿಸಿ ಬರೆಯಲು ಒಬ್ಬರು ಬೇಕು, ನಾಳೆಯೇ ಬೇಕು. ಕಾರ್ಡು ತೆಗೆದು ನೋಡಿದೆ. ‘ಸೊನೆ ಕೂಡದು’, ನಾನೇ ಟೈಪ್ ಮಾಡಿದ್ದು. “ಬರೆಯುವುದು ಮಾತ್ರ ತಾನೇ?” ಎಂದು ಎರಡು ಸಲ ಕೇಳಿದೆ. “ಹೌದು, ಬರೆಯುವುದು ಮಾತ್ರ” ಎಂದರು. ಬಣ್ಣದಣ್ಣ ಬರಲಿ, ಅವರೊಮ್ಮೆ ನೋಡಿ ಬರಲಿ ಎಂದು ಮನಸ್ಸು ಹೇಳುತ್ತಿತ್ತು. ಬೆಂಚಿನ ಮೇಲಿದ್ದವರ ಮುಖ ನೋಡಿ ವಿಳಾಸ ಬರೆದುಕೊಟ್ಟೆ.

ನಾಲ್ಕನೆಯ ದಿನ ಅವರು ಎರಡೂ ಕೈಗೆ ಬಾಳೆಲೆ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಅಲ್ಲಿ ಬೀಜ ಒಡೆಯುವ ಹೆಂಗಸರು ಕಡಿಮೆ ಬಿದ್ದಿದ್ದರಂತೆ. ಸ್ವಲ್ಪ ಕೈ ಹಾಕಿ ಎಂದರಂತೆ, ಇವರಿಗೆ ಆಗುವುದಿಲ್ಲ ಎನ್ನಲು ನಾಚಿಕೆಯಾಯಿತಂತೆ. ಬೆರಳ ತುದಿಗಳು ಕಪ್ಪಾಗಿ ಚರ್ಮ ಪದರಪದರವಾಗಿ ಏಳುತ್ತಿತ್ತು. ಬಣ್ಣದಣ್ಣ ಆ ಬೆರಳುಗಳನ್ನು ಒಂದೊಂದಾಗಿ ನೋಡಿದರು. ನನ್ನದೇ ತಪ್ಪು ಎನ್ನಲು ಬಾಯಿ ತೆರೆದೆ.

ಅವರು ನನ್ನತ್ತ ತಿರುಗಲೇ ಇಲ್ಲ. “ಆ ಫ್ಯಾಕ್ಟರಿಯಿಂದ ಫೋನು ಬಂದರೆ ಕಳಿಸಿ ಎಂದು ಟೀಚರಿಗೆ ನಾನೇ ಹೇಳಿದ್ದು. ನೋಡದೆ ಹೇಳಿದೆ. ತಪ್ಪಾಯಿತು ಮಾರಾಯ” ಎಂದರು.

ಅವರು ಹಾಗೆ ಹೇಳಿರಲೇ ಇಲ್ಲ. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಆಮೇಲಿನ ಎರಡು ತಿಂಗಳು ನನಗೆ ಊಟ ಸೇರಲಿಲ್ಲ. ಮದ್ದಳೆಗಾರರು ವಾರಕ್ಕೊಮ್ಮೆ ಬಂದು ನನ್ನ ಮೇಜಿನ ಅಂಚಿಗೆ ಬೆರಳು ಬಡಿದು ನೋಡುತ್ತಿದ್ದರು. ಚರ್ಮ ಬಂತು, ಆದರೆ ದಪ್ಪಗೆ ಬಂತು. ಬಲಗೈಯ ಎರಡು ಬೆರಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನಾನು ದಿನ ಎಣಿಸುತ್ತಿದ್ದೆ, ದೀಪಾವಳಿ ಒಂದು ವಾರ ತಡವಾಗಿ ಬರಲಿ ಎಂದು ದೇವರಲ್ಲಿ ಕೇಳಿಕೊಂಡದ್ದೂ ಉಂಟು. ಕೊನೆಗೆ ಅವರು ಮೇಳಕ್ಕೆ ಹೋದರು. ಹದಿನೈದೇ ದಿನದಲ್ಲಿ ಮದ್ದಳೆಯನ್ನು ಬೇರೆಯವರಿಗೆ ಒಪ್ಪಿಸಿ ಕೋಲು ಹಿಡಿದು ಚೆಂಡೆಗೆ ನಿಂತರೆಂದು ಸುದ್ದಿ ಬಂತು.

ಆ ವರ್ಷದ ನಂತರ ಬಣ್ಣದಣ್ಣನ ಹತ್ತಿರ ಬರುವವರು ಕಡಿಮೆಯಾದರು. ಅವರು ನೋಡದೆ ಕಳಿಸುತ್ತಾರೆ ಎಂಬ ಮಾತು ಮೇಳದಿಂದ ಮೇಳಕ್ಕೆ ಹರಡಿತ್ತು. ಒಂದು ದಿನ ನಾನು ಅಳುತ್ತಾ, ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದೆ. “ಈಗ ಎಂತಕ್ಕೆ ಟೀಚರ್? ನಿಮ್ಮ ಹೆಸರು ಕೆಟ್ಟರೆ ಹುಡುಗಿಯರು ಕಲಿಯಲು ಬರುತ್ತಾರಾ?” ಎಂದು ಕೊಡೆಯ ಮೇಲೆ ಬಗ್ಗಿದರು. ಅಷ್ಟು ಸಾಕಾಯಿತು ನನಗೆ, ಸುಮ್ಮನಾದೆ. ಎಂಬತ್ತರ ದಶಕದ ಮಧ್ಯದಲ್ಲಿ ಅವರು ಕೋಣೆ ಬಿಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೀರಿಕೊಂಡರು...

ಕಳೆದ ತಿಂಗಳು ಉಡುಪಿಯಲ್ಲಿ ಆ ಎಲ್ಲೂರಿನವರಿಗೆ ಸನ್ಮಾನ ಇತ್ತು. ಈಗ ಅವರು ದೊಡ್ಡ ಹೆಸರಿನ ಚೆಂಡೆಗಾರರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಶಾಲು ಹೊದ್ದು ಮಾತಾಡುತ್ತಾ ಅವರು ನಕ್ಕರು. “ಬಣ್ಣದಣ್ಣ ಮಾಡಿದ ಒಂದು ತಪ್ಪಿನಿಂದ ನನ್ನ ಮದ್ದಳೆ ಹೋಯಿತು. ಪಾಪ, ಅವರನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ” ಎಂದರು. ಅದು ಹಾಗಲ್ಲ ಎಂದು ಎದ್ದು ಹೇಳಲು ಆ ಸಭೆಯಲ್ಲಿ ನಾನೊಬ್ಬಳೇ ಇದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.