ಗುಲಗಂಜಿ ಅಕ್ಕ ಮತ್ತು ಗಟ್ಟಿಯಾಗದ ಅಂಟು

ಭಾನುವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಗುಲಗಂಜಿ ಅಕ್ಕ ಹಗ್ಗಕ್ಕೆ ಸಿಕ್ಕಿಸಿದ್ದ ರಟ್ಟಿನ ಚೂರನ್ನು ತೆಗೆದು, ಅದರ ಮೇಲಿನ ಅಂಟಿನ ಚುಕ್ಕೆಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದಳು. ಉಗುರು ಒಳಗಿಳಿಯಿತು.

ಇಳಿಯಬಾರದಿತ್ತು. ಶುಕ್ರವಾರ ಮಧ್ಯಾಹ್ನ ಕಲಸಿದ ಅಂಟು ಇಷ್ಟು ಹೊತ್ತಿಗೆ ಗಾಜಿನಂತಾಗಿರಬೇಕಿತ್ತು. ಅವಳು ಇನ್ನೊಂದು ಕಡೆ ಒತ್ತಿದಳು. ಅಲ್ಲೂ ಇಳಿಯಿತು. ಮೂಸಿ ನೋಡಿದಳು, ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.

ಅವಳ ಕೆಲಸ ಗಾಲ್ಫ್ ಕೋಲುಗಳನ್ನು ಕಟ್ಟುವುದು, ರಿಪೇರಿ ಮಾಡುವುದು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಒಂದು ಬೆಂಚು, ಕೋಲನ್ನು ಬಿಗಿದು ಹಿಡಿಯುವ ಒಂದು ವೈಸ್, ಗೋಡೆಗೆ ಆನಿಸಿದ ಸ್ಟ್ಯಾಂಡು. ಗಾಲ್ಫ್ ಕೋಲಿನಲ್ಲಿ ಮುಖ್ಯವಾಗಿ ಎರಡೇ ಭಾಗ: ಕೆಳಗೆ ಚೆಂಡಿಗೆ ಬಡಿಯುವ ಲೋಹದ ತಲೆ, ಮೇಲೆ ಕೈಯಲ್ಲಿ ಹಿಡಿಯುವ ಕಡ್ಡಿ. ಇವೆರಡನ್ನೂ ಹಿಡಿದಿಡುವುದು ಅಂಟು ಮಾತ್ರ. ಎರಡು ಟ್ಯೂಬುಗಳಿಂದ ಸಮ ತೂಕ ತೆಗೆದು ಕಲಸಿದರೆ ಅದು ಕಲ್ಲಾಗುತ್ತದೆ. ಒಂದು ಕಡಿಮೆಯಾದರೆ ಎಷ್ಟು ದಿನ ಕಳೆದರೂ ಮೆತ್ತಗೇ ಇರುತ್ತದೆ. ಕೋಲಿನ ಒಳಗಿನ ಅಂಟನ್ನು ನೋಡಲಾಗುವುದಿಲ್ಲ. ಅದಕ್ಕೇ ಅವಳು ಪ್ರತಿ ಸಲ ಉಳಿದ ಅಂಟನ್ನು ಅಂಗಿಗುಂಡಿಯಷ್ಟು ರಟ್ಟಿಗೆ ಹಚ್ಚಿ, ಕೋಲಿನವರ ಹೆಸರು ಬರೆದು, ಬೆಂಚಿನ ಮೇಲಿನ ಹಗ್ಗಕ್ಕೆ ನೇತುಹಾಕುತ್ತಿದ್ದಳು. ಚುಕ್ಕೆ ಗಟ್ಟಿಯಾದರೆ ಒಳಗೂ ಗಟ್ಟಿ. ಚುಕ್ಕೆ ಒತ್ತಿ ನೋಡದೆ ಒಂದು ಕೋಲೂ ಆ ಕೋಣೆಯಿಂದ ಹೊರಗೆ ಹೋದದ್ದಿಲ್ಲ, ಇಪ್ಪತ್ತಾರು ವರ್ಷಗಳಲ್ಲಿ.

ರಟ್ಟಿನ ಮೇಲೆ ಬರೆದಿದ್ದದ್ದು ಹಲ್ಲಿನ ಡಾಕ್ಟರ ಹೆಸರು. ಅವಳು ಸ್ಟ್ಯಾಂಡಿನ ಕಡೆ ತಿರುಗಿದಳು. ಅವರ ಕೋಲಿನ ಜಾಗ ಖಾಲಿ. ಅಲ್ಲೊಂದು ಚೀಟಿ, ಗಂಡನ ಕೈಬರಹ: ‘ಡಾಕ್ಟ್ರು ನಿನ್ನೆ ಸಂಜೆ ಬಂದು ಕೋಲು ತಗೊಂಡ್ರು. ಮಗು ಥರ ಕುಣೀತಿದ್ರು.’

ಅಕ್ಕ ಚೀಟಿಯನ್ನು ಕೆಳಗಿಟ್ಟು ಫೋನು ಎತ್ತಿಕೊಂಡಳು.

ಗಂಡನಿಗೆ ಫೋನ್ ಮಾಡಿದಳು. ಬೆಂಚಿನ ಡ್ರಾಯರಿನೊಳಗೆ ಫೋನು ಗುಂಯ್‌ಗುಟ್ಟಿತು. ಪುಣ್ಯಾತ್ಮ ಬಿಟ್ಟು ಹೋಗಿದ್ದ. ಡಾಕ್ಟರಿಗೆ ಮಾಡಿದಳು. ಸ್ವಿಚ್ ಆಫ್. ಆಟದ ಹೊತ್ತಿನಲ್ಲಿ ರೋಗಿಗಳು ಕಾಡಬಾರದೆಂದು ಅವರು ಯಾವಾಗಲೂ ಹಾಗೇ ಮಾಡುತ್ತಿದ್ದರು.

ಗಂಡನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹೊಸಬರಿಗೆ ಗಾಲ್ಫ್ ಕಲಿಸುವುದು ಅವರ ಕೆಲಸ. ಈ ದಿನ ಡಾಕ್ಟರ ಜೊತೆ ಮೈದಾನದಲ್ಲೇ ನಡೆದು ಪಾಠ ಹೇಳುವವರಿದ್ದರು. ಮೇಷ್ಟರು ಪಾಠ ಹೇಳುವುದು ಹೇಗೆಂದು ಅಕ್ಕನಿಗೆ ಗೊತ್ತಿತ್ತು. ಹೊಡೆಯುವವರ ಎದುರಿಗೆ, ನಾಲ್ಕು ಹೆಜ್ಜೆ ಆಚೆ, ಕುಕ್ಕರಗಾಲಿನಲ್ಲಿ ಕೂತು ಮಣಿಕಟ್ಟನ್ನೇ ದಿಟ್ಟಿಸುತ್ತಿದ್ದರು. ‘ಅಲ್ಲಿ ಕೂರಬೇಡಿ ರೀ’ ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ‘ಇಲ್ಲಿಂದ ಕಾಣೋದು ಬೇರೆಲ್ಲಿಂದ ಕಾಣತ್ತೆ?’ ಎನ್ನುತ್ತಿದ್ದರು.

ಹೆದರಿದಾಗ ಅವಳ ತಲೆ ತಾನೇ ಲೆಕ್ಕ ಹಾಕುತ್ತಿತ್ತು. ತಲೆಯ ತೂಕ ಇನ್ನೂರು ಗ್ರಾಂ. ಡಾಕ್ಟರು ಬೀಸುವ ವೇಗ ಗಂಟೆಗೆ ನೂರಾ ನಲವತ್ತು ಕಿಲೋಮೀಟರ್. ಆ ಹೊತ್ತಿಗೆ ತಲೆ ಕಡ್ಡಿಯನ್ನು ಸುಮಾರು ಇಪ್ಪತ್ತೈದು ಕೆ.ಜಿ. ಮೂಟೆ ನೇತುಹಾಕಿದಷ್ಟು ಎಳೆಯುತ್ತದೆ. ಅಂಟು ಬಿಟ್ಟರೆ ತಲೆ ಆ ಕ್ಷಣ ಯಾವ ದಿಕ್ಕಿಗೆ ಸಾಗುತ್ತಿತ್ತೋ ಆ ಕಡೆಗೇ ನೇರ ಹೋಗುತ್ತದೆ. ಅಲ್ಲಿ ಯಾರು ಕೂತಿದ್ದಾರೆಂದು ಅದು ನೋಡುವುದಿಲ್ಲ.

ಎಂಟು ಗಂಟೆಗೆ ಶುರು ಮಾಡಿದ್ದಾರೆ. ಡಾಕ್ಟರದು ಎಲ್ಲಕ್ಕಿಂತ ಉದ್ದದ ಕೋಲು, ಚೆಂಡು ಬೀಳಿಸಬೇಕಾದ ಗುಳಿ ದೂರವಿದ್ದಾಗ ಮೊದಲ ಹೊಡೆತಕ್ಕೆ ಮಾತ್ರ ತೆಗೆಯುವಂಥದ್ದು. ಒಂದನೆಯದು ದೂರ, ಎರಡನೆಯದು ಹತ್ತಿರ. ಮೂರನೆಯದು ದೂರ, ನಾಲ್ಕನೆಯದೂ ದೂರ. ಒಂದು ಗುಳಿಗೆ ಹದಿನೈದು ನಿಮಿಷ. ಈಗ ಮೂರನೆಯದರಲ್ಲಿರಬೇಕು. ಹೊಡೆದಾಗಿದ್ದರೂ ಆಗಿರಬಹುದು. ಅಡ್ಡ ಹಾಯ್ದರೆ ನಾಲ್ಕನೆಯ ಗುಳಿಗೆ ಮೊದಲ ಹೊಡೆತ ಹೊಡೆಯುವ ಕಟ್ಟೆಯ ಬಳಿ ಹಿಡಿಯಬಹುದು.

ಅಡ್ಡ ಹಾಯುವುದೆಂದರೆ ಮೈದಾನಕ್ಕೆ ಇಳಿಯಬೇಕು. ಅವಳು ಅಲ್ಲಿಗೆ ಇಳಿದು ಇಪ್ಪತ್ತೇಳು ವರ್ಷಗಳಾಗಿದ್ದವು.

ಮದುವೆಯಾದ ಎಂಟನೆಯ ತಿಂಗಳು ಅವಳು ಮಾವನಿಗೆ ನೀರಿನ ಬಾಟಲಿ ಕೊಡಲು ಬಂದಿದ್ದಳು. ಆಗ ಈ ಬೆಂಚು ಮಾವನದು. ಬೇಲಿಯ ಒಳಗೆ ನಿಂತಿದ್ದಾಗ ಯಾರೋ ಬೀಸಿದ ಕೋಲಿನ ತಲೆ ಕಳಚಿ ಹಾರಿ ಬಂದು ಅವಳ ಎಡಗೆನ್ನೆಯ ಮೂಳೆಗೆ ಬಡಿದಿತ್ತು. ಆ ಕಡೆಯ ಕಣ್ಣಿಗೆ ಈಗ ಬೆಳಕು ನೆರಳು ಬಿಟ್ಟರೆ ಏನೂ ತಿಳಿಯದು. ಆ ಕೋಲಿಗೆ ಅಂಟು ಹಾಕಿದ್ದವನು ಮಾವನೇ. ನಾಲ್ಕು ತಿಂಗಳು ಅವನು ಬೆಂಚಿನ ಕಡೆ ಸುಳಿಯಲಿಲ್ಲ. ಆಮೇಲೊಂದು ದಿನ ಸೊಸೆಯನ್ನು ಕರೆದ.

‘ನನಗೆ ಭಯ ಇರ್ಲಿಲ್ಲ ಮಗಾ. ಅದಕ್ಕೇ ಹೀಗಾಯ್ತು. ನಿನಗೆ ಇನ್ನು ಜನ್ಮ ಪೂರ್ತಿ ಭಯ ಇರತ್ತೆ. ಕೂತ್ಕೋ, ಕಲಿಸ್ತೀನಿ.’

ಅವಳು ಕೂತಳು. ಭಯವೇ ಅವಳ ಹತಾರವಾಯಿತು. ರಟ್ಟಿನ ಚೂರಿನ ಪದ್ಧತಿ ಅವಳದೇ. ಗ್ರಾಮಿನ ಹತ್ತರಲ್ಲೊಂದು ಭಾಗ ತೋರಿಸುವ ತಕ್ಕಡಿ ತರಿಸಿ ಅಂಟನ್ನೂ ಕಡ್ಡಿಯನ್ನೂ ತೂಗತೊಡಗಿದಳು. ‘ಈಯಮ್ಮ ನೊಣದ ರೆಕ್ಕೆ ಕೊಟ್ರೂ ಎಡಗಡೇದು ಭಾರ ಅಂತ ಹೇಳ್ತಾರೆ’ ಎಂದು ಬೀದಿಯ ಟೈಲರ್ ನಕ್ಕು, ಚಿನ್ನ ತೂಗುವ ಬೀಜದ ಹೆಸರಿನಿಂದ ಗುಲಗಂಜಿ ಅಕ್ಕ ಎಂದು ಕರೆದಿದ್ದ. ಆ ಹೆಸರೇ ಉಳಿಯಿತು.

ಡಾಕ್ಟರು ಅವಳ ಹತ್ತಿರ ಬಂದದ್ದು ಒಂದು ತಿಂಗಳ ಹಿಂದೆ. ಟೀವಿಯಲ್ಲಿ ಯಾವನೋ ಹೊಡೆಯುತ್ತಿದ್ದಂಥದ್ದೇ ಕೋಲು ಕೊಂಡಿದ್ದರು. ಉದ್ದ, ಬಿರುಸು. ಚೆಂಡು ಪ್ರತಿ ಸಲವೂ ಬಲಗಡೆ ಪೊದೆಗೆ ಹೋಗುತ್ತಿತ್ತು.

‘ನನ್ನ ಆಟಾನೇ ಹೀಗಾ ಅಮ್ಮಾ, ಕೋಲೇ ಹೀಗಾ?’

ಅಕ್ಕ ಅವರ ಮಣಿಕಟ್ಟಿನಿಂದ ನೆಲದವರೆಗೆ ಅಳೆದಳು. ಕೋಲಿನ ಮುಖಕ್ಕೆ ಕಾಗದದ ಪಟ್ಟಿ ಅಂಟಿಸಿ ಅಂಗಳದ ಬಲೆಗೆ ಹನ್ನೆರಡು ಚೆಂಡು ಹೊಡೆಸಿದಳು. ಹನ್ನೆರಡು ಗುರುತುಗಳಲ್ಲಿ ಒಂಬತ್ತು ಅಂಚಿಗೆ ಬಿದ್ದಿದ್ದವು. ‘ಆಟ ಅರ್ಧ, ಕೋಲು ಅರ್ಧ’ ಎಂದಳು. ‘ಇದು ಆ ಟೀವಿಯವನಿಗೆ ಸರಿ. ನಿಮಗೆ ಒಂದಿಂಚು ಗಿಡ್ಡ ಬೇಕು. ಕಡ್ಡಿ ಸ್ವಲ್ಪ ಬಾಗಬೇಕು. ಮುಖ ಇನ್ನೊಂದೆರಡು ಡಿಗ್ರಿ ಮೇಲೆ ನೋಡಬೇಕು. ದೂರ ಹೋಗೋದು ಆಮೇಲೆ, ಮೊದಲು ಮಧ್ಯಕ್ಕೆ ತಾಗಲಿ.’ ಮೂರು ಕಡ್ಡಿಗಳನ್ನು ಬದಲಿಸಿ ನೋಡಿ, ನಾಲ್ಕನೆಯದನ್ನು ಶುಕ್ರವಾರ ಅಂಟಿಸಿದ್ದಳು.

ಆ ದಿನ ತಕ್ಕಡಿ ಬೆಂಚಿನ ಮೇಲಿರಲಿಲ್ಲ. ಕೋಲಿನ ತೂಕ ಹೇಗೆ ಮುಖ್ಯ ಎಂದು ಹೊಸಬರಿಗೆ ತೋರಿಸಲು ಮೇಷ್ಟರು ಅದನ್ನು ಅಂಗಳಕ್ಕೆ ಒಯ್ದಿದ್ದರು. ಅಕ್ಕ ಎರಡು ಟ್ಯೂಬಿನಿಂದಲೂ ಒಂದೊಂದು ಬೆರಳುದ್ದ ಹಿಂಡಿದ್ದಳು. ಎರಡನೆಯ ಟ್ಯೂಬು ಹೊಸದು. ಅದರ ಮೂತಿ ಸಣ್ಣ. ಉದ್ದ ಅಷ್ಟೇ ಇದ್ದರೂ ತೂಕ ಅರ್ಧ. ಇದೀಗ, ಎರಡೂ ಮೂತಿಗಳನ್ನು ಪಕ್ಕಪಕ್ಕ ಹಿಡಿದಾಗ, ಅವಳಿಗೆ ಹೊಳೆಯಿತು.

ಚೆಂಡು ಹೆಕ್ಕುವವರು ಹಾಕಿಕೊಳ್ಳುವ ಹೆಲ್ಮೆಟ್ ಬಾಗಿಲ ಹಿಂದೆ ನೇತಾಡುತ್ತಿತ್ತು. ಅದನ್ನು ತಲೆಗೆ ಒತ್ತಿಕೊಂಡು ಅವಳು ಹೊರಟಳು.

ಬೇಲಿಯ ಗೇಟಿನ ಹತ್ತಿರ ಕಾಲು ನಿಂತುಬಿಟ್ಟಿತು. ಎದುರಿಗೆ ಹುಲ್ಲು, ಹುಲ್ಲಿನ ಮೇಲೆ ಬಿಸಿಲು, ಅಷ್ಟೇ. ಆದರೂ ಎಡಗೆನ್ನೆ ಜುಮ್ಮೆಂದಿತು. ಎಡಗಡೆಯಿಂದ ಏನೇ ಬಂದರೂ ತನಗೆ ಕಾಣುವುದಿಲ್ಲ. ‘ಹೋಗೇ’ ಎಂದು ತನಗೆ ತಾನೇ ಬೈದುಕೊಂಡಳು. ಒಂದು ಹೆಜ್ಜೆ ಇಟ್ಟಳು. ಆಮೇಲೆ ಓಡಿದಳು. ಐವತ್ತೊಂದು ವರ್ಷದ ಹೆಂಗಸು, ಮನೆಯ ಚಪ್ಪಲಿಯಲ್ಲಿ.

ಎರಡನೆಯ ಗುಳಿಯ ಹಾದಿ ದಾಟುವಾಗ ಹಿಂದಿನಿಂದ ‘ಫೋರ್!’ ಎಂಬ ಕೂಗು ಕೇಳಿತು. ಚೆಂಡು ಬರುತ್ತಿದೆ, ತಲೆ ಕಾಪಾಡಿಕೊಳ್ಳಿ ಎಂದು ಆಟಗಾರರು ಹಾಕುವ ಕೂಗು. ಅವಳು ಅಲ್ಲೇ ಮುದುಡಿ ಕೂತಳು. ಎಲ್ಲೋ ಎಡಗಡೆ ಧಪ್ಪೆಂದಿತು. ಎಷ್ಟು ಹತ್ತಿರವೋ ತಿಳಿಯಲಿಲ್ಲ. ‘ದಾರೀಲಿ ಯಾರ್ರೀ ಅದು, ಹೆಲ್ಮೆಟ್ಟು!’ ಎಂದು ಯಾರೋ ಅರಚಿದರು. ಏಳಲು ಆಗಲಿಲ್ಲ. ಬೆರಳುಗಳು ಹುಲ್ಲನ್ನು ಕಿತ್ತು ಹಿಡಿದಿದ್ದವು. ಮುಂದೆ ಕುಕ್ಕರಗಾಲಿನಲ್ಲಿ ಕೂತ ಗಂಡನ ಬೋಳು ತಲೆ ಕಣ್ಣಿಗೆ ಕಟ್ಟಿತು. ಎದ್ದಳು.

ಪೊದೆ ಸುತ್ತಿ ಬಂದಾಗ ನಾಲ್ಕನೆಯ ಕಟ್ಟೆ ಕಾಣಿಸಿತು. ಮೂವರಿದ್ದರು. ಪ್ರತಿ ವಾರ ಡಾಕ್ಟರ ಎದುರು ಆಡುವ ಟೈಲರ್ ಕೈಕಟ್ಟಿ ನಿಂತಿದ್ದ. ಮೇಷ್ಟರು ಎಂದಿನ ಜಾಗದಲ್ಲಿ ಕೂತಿದ್ದರು. ಡಾಕ್ಟರು ಕೋಲನ್ನು ಭುಜದ ಮೇಲಕ್ಕೆ ಎತ್ತುತ್ತಿದ್ದರು.

ಅಕ್ಕ ಬಾಯಿ ತೆರೆದಳು. ಉಸಿರೇ ಇರಲಿಲ್ಲ, ದನಿ ಬರಲಿಲ್ಲ. ಹೆಲ್ಮೆಟ್ ಕಿತ್ತು ಕಟ್ಟೆಯ ಕಡೆ ಎಸೆದಳು. ಅದು ಡಬಡಬ ಉರುಳಿ ಡಾಕ್ಟರ ಕಾಲ ಬಳಿ ಬಂತು. ಡಾಕ್ಟರು ಅರ್ಧಕ್ಕೇ ತಡೆದು, ಸೊಂಟ ಹಿಡಿದುಕೊಂಡರು.

‘ಅಯ್ಯೋ ನನ್ನ ಸೊಂಟ! ಯಾರಮ್ಮಾ ಅದು?’

‘ಹೊಡೀಬೇಡಿ!’ ಈಗ ದನಿ ಬಂತು. ‘ರೀ, ಏಳ್ರೀ ಅಲ್ಲಿಂದ! ಮೊದಲು ಏಳಿ!’

‘ಅಕ್ಕಾ, ಯಾವ ರಾಜ್ಯದ ಮೇಲೆ ಯುದ್ಧ?’ ಎಂದ ಟೈಲರ್.

ಅವಳು ನೇರ ಹೋಗಿ ಕೋಲಿನ ತಲೆ ಹಿಡಿದಳು. ‘ಇದರ ಅಂಟು ಹಿಡಿದಿಲ್ಲ. ಕೊಡಿ.’

‘ಏನು ಹಿಡಿದಿಲ್ಲ?’ ಡಾಕ್ಟರು ಕೋಲು ಬಿಡಲಿಲ್ಲ. ‘ಎರಡು ಹೊಡೆತ ಹೊಡೆದೆನಮ್ಮಾ, ಎರಡೂ ದಾರ ಎಳೆದ ಹಾಗೆ! ಆರು ವರ್ಷದಲ್ಲಿ ಮೊದಲ್ನೇ ಸಲ ಇವನಿಗಿಂತ ಮುಂದಿದ್ದೀನಿ.’

‘ಕಿತ್ಕೊಳ್ಳಿ ಅಕ್ಕ, ಕಿತ್ಕೊಳ್ಳಿ’ ಎಂದ ಟೈಲರ್. ‘ಬೆಳಿಗ್ಗೆಯಿಂದ ನಾನು ಬೇಡ್ಕೊಳ್ತಿರೋದೇ ಅದನ್ನ.’

ಮೇಷ್ಟರು ಎದ್ದು ಬಂದು ತಲೆಯನ್ನು ತಿರುಚಿ ನೋಡಿದರು. ಅಲ್ಲಾಡಲಿಲ್ಲ. ಮತ್ತೆ ಬಲವಾಗಿ ತಿರುಚಿದರು. ಕೂದಲೆಳೆಯಷ್ಟೂ ಕದಲಲಿಲ್ಲ. ‘ಬಿಗಿಯಾಗೇ ಇದೆಯಲ್ಲೇ’ ಎಂದರು ಮೆಲ್ಲಗೆ. ‘ನಿನಗೆ ಸುಮ್ನೆ...’ ಎಂದು ಅಲ್ಲಿಗೇ ನಿಲ್ಲಿಸಿದರು. ಉಳಿದ ಮಾತು ಎಲ್ಲರಿಗೂ ಗೊತ್ತಿತ್ತು.

ಒಂದು ಕ್ಷಣ ಅವಳಿಗೂ ಹಾಗೇ ಅನ್ನಿಸಿತು. ರಟ್ಟಿನ ಮೇಲಿನದು ಮೆತ್ತಗಿದ್ದು ಒಳಗಿನದು ಗಟ್ಟಿಯಾಗಿರಬಹುದೇ? ಇದೂ ಆ ಹಳೆಯ ಭಯವೇ ಇರಬಹುದೇ?

‘ಇದೊಂದೇ ಹೊಡೆತ’ ಎಂದರು ಡಾಕ್ಟರು. ‘ನೀವೆಲ್ಲ ಹಿಂದೆ ನಿಂತ್ಕೊಳ್ಳಿ. ಆಮೇಲೆ ಕೊಡ್ತೀನಿ.’

‘ನಾನು ತೂಗಲಿಲ್ಲ’ ಎಂದಳು ಅಕ್ಕ.

‘ಏನು?’

‘ಶುಕ್ರವಾರ ಅಂಟು ತೂಗಲಿಲ್ಲ. ಕಣ್ಣಳತೇಲಿ ಹಾಕ್ದೆ. ತಪ್ಪಾಗಿದೆ. ನನ್ನ ತಪ್ಪು.’

ಟೈಲರನ ನಗು ಅಳಿಯಿತು. ‘ನೀವಾ? ತೂಗಲಿಲ್ವಾ?’

ಮೇಷ್ಟರು ಹೆಂಡತಿಯ ಮುಖ ನೋಡಿದರು. ಆಮೇಲೆ ನೆಲ ನೋಡಿದರು. ತಕ್ಕಡಿ ಎಲ್ಲಿತ್ತೆಂದು ಅವಳು ಹೇಳಲಿಲ್ಲ.

ಡಾಕ್ಟರು ಕೋಲನ್ನು ಅವಳ ಕೈಗೆ ಕೊಟ್ಟರು. ‘ಅಲ್ಲಾಡದೇ ಇರೋ ಹಲ್ಲಿನ ಬುಡಾನೂ ಕೊಳೆತಿರೋದನ್ನ ದಿನಾ ನೋಡ್ತೀನಿ. ನೋವಿಲ್ಲ ಡಾಕ್ಟ್ರೇ, ಬಿಟ್ಬಿಡಿ ಅಂತಾರೆ. ನಾನೂ ಅದನ್ನೇ ಮಾಡ್ತಿದ್ದೀನಿ ನೋಡಿ.’

ಆಟ ಅಲ್ಲಿಗೇ ನಿಂತಿತು. ನಾಲ್ವರೂ ಕೋಣೆಗೆ ಬಂದರು. ಅಕ್ಕ ಕೋಲಿನ ತಲೆಯನ್ನು ಬಟ್ಟೆ ಸುತ್ತಿ ವೈಸ್‌ನಲ್ಲಿ ಬಿಗಿದು, ಕಡ್ಡಿಯನ್ನು ಕೆಳಕ್ಕೆ ಇಳಿಬಿಟ್ಟಳು. ಕೆಳತುದಿಗೆ ಚೆಂಡು ತುಂಬಿದ ಬಕೆಟ್ಟುಗಳನ್ನು ಒಂದೊಂದಾಗಿ ಕಟ್ಟಿದಳು. ಬಕೆಟ್ಟಿಗೆ ನೂರು ಚೆಂಡು, ಹತ್ತಿರಹತ್ತಿರ ಐದು ಕೆ.ಜಿ.

ಒಂದು. ಎರಡು. ಮೂರು. ಏನೂ ಆಗಲಿಲ್ಲ. ಟೈಲರ್ ಕೆಮ್ಮಿದ. ಅಕ್ಕನ ಹಣೆಯಲ್ಲಿ ಬೆವರು.

ನಾಲ್ಕನೆಯದನ್ನು ಕಟ್ಟಿ ಕೈಬಿಟ್ಟಳು. ಮೊದಲು ಹಾಗೇ ನಿಂತಿತು. ಆಮೇಲೆ, ಯಾವ ಅವಸರವೂ ಇಲ್ಲದೆ, ಕಡ್ಡಿ ತಲೆಯೊಳಗಿಂದ ಜಾರತೊಡಗಿತು. ಒಂದು ಮಿಲಿಮೀಟರ್, ಎರಡು, ಬೆರಳಗಲ. ಬಕೆಟ್ಟುಗಳು ನೆಲಕ್ಕೆ ಕೂತವು. ತಲೆಗೂ ಕಡ್ಡಿಗೂ ನಡುವೆ ಅಂಟಿನ ಎಳೆಯೊಂದು ಜೇನಿನಂತೆ ನೇತಾಡಿತು.

‘ಬುಡ ಸಮೇತ’ ಎಂದರು ಡಾಕ್ಟರು. ಅವರ ದನಿ ಸಣ್ಣದಾಗಿತ್ತು. ‘ಮತ್ತೆ ಎರಡು ಹೊಡೆತ ಹೇಗೆ ತಡೀತು?’

‘ಹೊಡೆತದ ಎಳೆತ ಕಣ್ಣು ಮಿಟುಕಿಸೋಷ್ಟು ಹೊತ್ತೂ ಇರಲ್ಲ. ಅಷ್ಟು ಹೊತ್ತು ಮೆತ್ತಗಿನ ಅಂಟೂ ತಡ್ಕೊಳ್ಳತ್ತೆ. ಆದ್ರೆ ಪ್ರತಿ ಸಲ ಒಂಚೂರು ಸಡಿಲ ಆಗತ್ತೆ. ಬಿಸಿಲೇರಿದ್ರೆ ಇನ್ನೂ ಬೇಗ.’

‘ಅಂದ್ರೆ ಮೂರನೇದಕ್ಕೆ ಬಿಡ್ತಿತ್ತಾ?’

‘ಮೂರಕ್ಕೋ, ಹದಿಮೂರಕ್ಕೋ. ಗೊತ್ತಿಲ್ಲ.’

ಡಾಕ್ಟರೂ ಟೈಲರೂ ಹೋದ ಮೇಲೆ ಮೇಷ್ಟರು ಸ್ಟೂಲಿನ ಮೇಲೆ ಕೂತು, ತಮ್ಮ ಬೋಳು ತಲೆಯನ್ನು ನಿಧಾನ ಸವರಿಕೊಂಡರು.

‘ತಕ್ಕಡಿ ನನ್ನ ಹತ್ರ ಇತ್ತು’ ಎಂದರು. ‘ನಿನ್ನ ಕೇಳದೆ ಕೋಲನ್ನೂ ನಾನೇ ಕೊಟ್ಟೆ.’

‘ತಕ್ಕಡಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಎದ್ದು ಬರಲಿಲ್ಲ ನಾನು.’

ಮೇಷ್ಟರು ಹೊರಗೆ ಹೋಗಿ ತಕ್ಕಡಿ ತಂದರು. ಅಂಗಿಯ ತುದಿಯಿಂದ ಒರೆಸಿ, ಬೆಂಚಿನ ಮೇಲೆ ಅದರ ಜಾಗದಲ್ಲೇ ಇಟ್ಟರು. ಆಮೇಲೆ ಅವಳ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಕೂತರು.

ಮರುವಾರ ಡಾಕ್ಟರು ಬಂದಾಗ ಅಕ್ಕ ಕೋಲು ಕೊಡುವ ಮೊದಲು ಹೊಸ ರಟ್ಟಿನ ಚೂರನ್ನು ಅವರ ಮುಂದೆ ಹಿಡಿದಳು. ಡಾಕ್ಟರು ತಾವೇ ಉಗುರು ಒತ್ತಿದರು. ಉಗುರು ನೊಂದಿತು. ಹಗ್ಗದಲ್ಲಿ ಆ ಹಳೆಯ ಮೆತ್ತಗಿನ ಚೂರು ಇನ್ನೂ ನೇತಾಡುತ್ತಿತ್ತು. ಅವಳು ಅದನ್ನು ಎಸೆದಿರಲಿಲ್ಲ.

‘ಮೊದಲ್ನೇ ಹೊಡೆತಕ್ಕೆ ನೀವೂ ಬರಬೇಕು ಅಮ್ಮಾ’ ಎಂದರು ಅವರು. ‘ನನಗೀಗ ನಿಮಗಿಂತ ಜಾಸ್ತಿ ಭಯ.’

ಅವಳು ಹೆಲ್ಮೆಟ್ ಹಾಕಿಕೊಂಡಳು. ಗೇಟಿನ ಬಳಿ ಕಾಲು ಮತ್ತೆ ನಿಂತಿತು, ಮತ್ತೆ ಹೊರಟಿತು. ಮೇಷ್ಟರನ್ನು ತೋಳು ಹಿಡಿದು ಎಳೆದು ತಂದು ಡಾಕ್ಟರ ಹಿಂದೆ, ಆರು ಹೆಜ್ಜೆ ಎಣಿಸಿ, ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ‘ಇಲ್ಲಿಂದ ಮಣಿಕಟ್ಟು ಕಾಣಲ್ಲ’ ಎಂದು ಅವರು ಗೊಣಗಿದರು, ಕದಲಲಿಲ್ಲ ಮಾತ್ರ.

ಡಾಕ್ಟರು ಬೀಸಿದರು. ಟಣ್ ಎಂಬ ಶಬ್ದ ಬಂತು. ‘ಹೋಯ್ತು ನೋಡಿ, ನನ್ನ ಕಥೆ ಮುಗೀತು’ ಎಂದು ಟೈಲರ್ ಹಣೆ ಚಚ್ಚಿಕೊಂಡ. ಎಲ್ಲರ ಕಣ್ಣೂ ಆಕಾಶದಲ್ಲಿತ್ತು. ಚೆಂಡು ಎಲ್ಲಿಗೆ ಹೋಯಿತೋ ಅಕ್ಕ ನೋಡಲಿಲ್ಲ. ಕಾಣುವ ಒಂದು ಕಣ್ಣಿನಲ್ಲಿ ಅವಳು ಡಾಕ್ಟರ ಭುಜದ ಹಿಂದೆ ಬಂದು ನಿಂತ ಕೋಲಿನ ತುದಿಯನ್ನು ನೋಡುತ್ತಿದ್ದಳು. ತಲೆ ಅಲ್ಲೇ ಇತ್ತು.