ಹಳದಿ ಕ್ಯಾನು, ಅಮ್ಮನ ಕೈ

ಲವೀನಾ ಮಂಗಳೂರಿನಿಂದ ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಸ್ಪ್ರಿಂಗ್ ವ್ಯಾಲಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. ಹತ್ತನೇ ತರಗತಿಗೆ ಪ್ರವಾಹದಿಂದ ಪಾರಾದ ಹೆಂಗಸೊಬ್ಬಳ ಕಾದಂಬರಿ ಪಠ್ಯವಾಗಿತ್ತು. ಅವಳು ಹಿಡಿದು ತೇಲುವ ಮುರಿದ ಬಾಗಿಲು ಭರವಸೆಯ ಸಂಕೇತ ಎಂದು ಲವೀನಾ ಪ್ರತಿವರ್ಷವೂ ಹೇಳಿಕೊಡುತ್ತಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ತಪ್ಪದೆ ಬರುತ್ತಿತ್ತು.

ಆ ವರ್ಷದ ಏಪ್ರಿಲ್ ಮಳೆಗೆ ಮಥಾರೆ ಹೊಳೆ ಉಕ್ಕಿ, ಶಾಲೆಯಲ್ಲಿ ನೆಲ ಒರೆಸುವ ಗ್ಲೋರಿಯಾಳ ತಗಡಿನ ಮನೆ ಕೊಚ್ಚಿಹೋಯಿತು. ಎರಡು ವಾರದ ಮೇಲೆ ಕೆಲಸಕ್ಕೆ ಮರಳಿದವಳನ್ನು ಲವೀನಾ ಸ್ಟಾಫ್ ರೂಮಿನಲ್ಲಿ ಕೂರಿಸಿ ಚಹಾ ಕೊಟ್ಟರು. ಯಾರಿಗೂ ಹೇಳದ್ದನ್ನು ಗ್ಲೋರಿಯಾ ಅವರಿಗೆ ಹೇಳಿದಳು. ನೀರಿನಲ್ಲಿ ಅವಳ ಒಂದು ಕೈಯಲ್ಲಿ ತೇಲುತ್ತಿದ್ದ ಖಾಲಿ ಹಳದಿ ಪ್ಲಾಸ್ಟಿಕ್ ಕ್ಯಾನು, ಇನ್ನೊಂದರಲ್ಲಿ ಅಮ್ಮನ ಕೈ ಇತ್ತು. ಎರಡನ್ನೂ ಹಿಡಿದಿರಲು ಆಗಲಿಲ್ಲ. ಅಮ್ಮನ ಕೈ ಬಿಟ್ಟಳು.

ಮರುದಿನ ಪಾಠದ ನಡುವೆ ಲವೀನಾರ ಬಾಯಿಂದ ಅದು ಬಂದೇಬಿಟ್ಟಿತು. ಹೆಸರು ಹೇಳಲಿಲ್ಲ, "ನಮ್ಮ ಶಾಲೆಯಲ್ಲೇ ಇರುವವರೊಬ್ಬರು" ಎಂದರು. ಯಾರೆಂದು ಊಹಿಸುವುದು ಮಕ್ಕಳಿಗೆ ಕಷ್ಟವಾಗಲಿಲ್ಲ. ಮೇಧಾ ಎಂಬ ವಿದ್ಯಾರ್ಥಿನಿ ಅದನ್ನೇ ಪ್ರಬಂಧ ಮಾಡಿದಳು. ಕಾದಂಬರಿಯ ಬಾಗಿಲು, ಮಥಾರೆಯ ಕ್ಯಾನು ಎರಡೂ ಭರವಸೆಯಂತೆ; ಬಿಟ್ಟ ಕೈ ಗತಕಾಲದಿಂದ ಬಿಡುಗಡೆಯಂತೆ. ಲವೀನಾ ಮೊದಲ ಬಹುಮಾನ ಕೊಟ್ಟರು; ಪ್ರಬಂಧ ಶಾಲೆಯ ವೆಬ್‌ಸೈಟಿಗೂ ಹೋಯಿತು. ಮೇಧಾ ಅದನ್ನು ಶಾಲಾ ಸಭೆಯಲ್ಲಿ ಓದುವಾಗ ಗ್ಲೋರಿಯಾ ಹಿಂದಿನ ಬಾಗಿಲ ಬಳಿ ನಿಂತಿದ್ದಳು.

ಚಪ್ಪಾಳೆ ನಿಂತ ಮೇಲೆ ಅವಳು ಲವೀನಾರ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಟೀಚರ್, ನಾನು ಹೇಳಿದ್ದು ಅಮ್ಮನ ವಿಷಯ. ನಿಮಗೆ ಕೇಳಿಸಿದ್ದು ಕ್ಯಾನು."

ಲವೀನಾ ಅಂದೇ ಉಪಪ್ರಾಂಶುಪಾಲ ಚಕ್ರಪಾಣಿಯವರ ಕೋಣೆಗೆ ಹೋದರು.

"ಸರ್, ಆ ಪ್ರಬಂಧ ವೆಬ್‌ಸೈಟಿಂದ ತೆಗೆಸಿ. ತಪ್ಪು ನಂದು."

"ಅಯ್ಯೋ ಬಿಡಿ ಮೇಡಂ. ಪೇರೆಂಟ್ಸ್ ಎಲ್ಲ ಎಷ್ಟು ಖುಷಿಯಾಗಿದ್ದಾರೆ ಗೊತ್ತಾ? ಆಕೆ ಹೆಸರೂ ಇಲ್ವಲ್ಲ ಅದ್ರಲ್ಲಿ. ನಾಲ್ಕು ದಿನ ಹೋದ್ರೆ ಮರೀತಾಳೆ."

ಪ್ರಬಂಧ ಅಲ್ಲೇ ಉಳಿಯಿತು. ಗ್ಲೋರಿಯಾ ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟಳು. ಅವಳು ಗಿಗಿರಿಯ ಕಚೇರಿಯೊಂದರಲ್ಲಿ ಇದ್ದಾಳೆಂದು ತಿಳಿದು, ಒಂದು ಮಧ್ಯಾಹ್ನ ಲವೀನಾ ಕ್ಷಮೆ ಕೇಳಲು ಹೋದರು. ಗ್ಲೋರಿಯಾ ಗೇಟಿನವರೆಗೆ ಬಂದು, ಕೊನೆಯವರೆಗೂ ಕೇಳಿಸಿಕೊಂಡಳು.

"ಸವಾ," ಎಂದಳು, ಸ್ವಾಹಿಲಿಯಲ್ಲಿ ‘ಸರಿ’ ಎಂದು; ಚಿಲ್ಲರೆ ಸರಿಯಿದೆ ಎಂದು ಮಟಾಟು ವ್ಯಾನಿನ ಕಂಡಕ್ಟರನಿಗೆ ಹೇಳುವಂತೆ. "ಇದನ್ನಾದರೂ ಕ್ಲಾಸಲ್ಲಿ ಹೇಳಬೇಡಿ."

ಲವೀನಾ ತಲೆಯಾಡಿಸುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.