ಗಾರೆ ಬಕೆಟ್ಟಿನವನು

ಶನಿವಾರ ಬೆಳಗ್ಗೆ ಆರೂವರೆಗೆ ವರ್ನಾ ಸ್ಟಾಸ್ಕೊ ಜಲಾಶಯದ ದಾರಿಗೆ ಕಾರು ತಿರುಗಿಸಿದಾಗ ಗೇಟಿಗೆ ಸರಪಳಿ ಬಿದ್ದಿತ್ತು. ಸರಪಳಿಯ ಆಚೆ ಪೊಲೀಸ್ ಕಾರೊಂದು ಅಡ್ಡಲಾಗಿ ನಿಂತಿತ್ತು. ಅದಕ್ಕೆ ಒರಗಿಕೊಂಡಿದ್ದವನು ಡ್ಯಾರಿಲ್. ಒಂದು ಕಾಲಕ್ಕೆ ಅವಳು ಓಡಿಸುವ ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಗೆಲ್ಲ ಚೂಯಿಂಗ್ ಗಮ್ ಅಂಟಿಸುತ್ತಿದ್ದವನು.

“ವಾಪಸ್ ಹೋಗಿ ಮಿಸ್ ವರ್ನಾ. ಕೆರೆ ಮುಚ್ಚಿದಾರೆ.”

“ಕೆರೆ ಮುಚ್ಚೋದು ಅಂದ್ರೇನೋ? ಅಂಗಡಿನೇನೋ ಅದು?”

“ಕುಡಿಯೋ ನೀರಲ್ವಾ? ಯಾರಾದ್ರೂ ಏನಾದ್ರೂ ಬೆರೆಸಿಬಿಟ್ರೆ ಅಂತ. ಮಂಗಳವಾರ ಆದ್ಮೇಲೆ ಎಲ್ಲಾ ಕಡೆ ಮುಚ್ತಾ ಇದಾರಂತೆ.”

“ನನ್ನ ಡಬ್ಬೀಲಿರೋದು ಎರೆಹುಳ ಕಣೋ.”

“ಗೊತ್ತು. ಆದ್ರೂ ಬಿಡೋ ಹಾಗಿಲ್ಲ.”

“ಮತ್ತೆ ತೆಗೆಯೋದು ಯಾವಾಗ?”

ಡ್ಯಾರಿಲ್ ಸರಪಳಿಯ ಬೀಗವನ್ನು ಒಮ್ಮೆ ಎಳೆದು ನೋಡಿದ.

ಅದು 2001ರ ಸೆಪ್ಟೆಂಬರ್. ನ್ಯೂಯಾರ್ಕಿನ ಗೋಪುರಗಳು ಬಿದ್ದು ನಾಲ್ಕು ದಿನವಾಗಿತ್ತು. ಪೆನ್ಸಿಲ್ವೇನಿಯಾದ ಆ ಬಡಾವಣೆಗಳಲ್ಲಿ ಬಾವುಟ ಕಟ್ಟದ ಮನೆಯೇ ಇರಲಿಲ್ಲ. ವರ್ನಾ ಕಾರನ್ನು ಹಿಂದಕ್ಕೆ ತೆಗೆದು ರಸ್ತೆಯ ಅಂಚಿನ ಮೇಪಲ್ ಮರದಡಿ ನಿಲ್ಲಿಸಿ, ಎಂಜಿನ್ ಆರಿಸಿ ಕೂತಳು. ಅವಳಿಗೆ ಒಬ್ಬ ಮನುಷ್ಯನನ್ನು ನೋಡಬೇಕಾಗಿತ್ತು. ಅವನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಹಸಿರು ಬಣ್ಣದ ಹಳೆಯ ವ್ಯಾನಿನಲ್ಲಿ ಬರುತ್ತಾನೆ ಎನ್ನುವುದಷ್ಟೇ ಗೊತ್ತಿತ್ತು. ಗಾಳದ ಕೋಲುಗಳನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡು ಒಂದೊಂದೇ ಕಾರು ಬಂತು, ಡ್ಯಾರಿಲ್‌ನೊಡನೆ ಎರಡು ಮಾತಾಡಿತು, ತಿರುಗಿಕೊಂಡು ಹೋಯಿತು. ಹತ್ತು ಗಂಟೆಯಾದರೂ ಹಸಿರು ವ್ಯಾನ್ ಬರಲಿಲ್ಲ.

ಹೆಮ್ಲಾಕ್ ಎಂಬ ಆ ಜಲಾಶಯದ ದಂಡೆಯಲ್ಲಿ ಹೆಸರು ಕೇಳುವ ರೂಢಿ ಇರಲಿಲ್ಲ. ಯಾರೂ ಮಾಡಿದ ಕಟ್ಟಲೆಯಲ್ಲ ಅದು, ಹಾಗೇ ನಡೆದುಕೊಂಡು ಬಂದದ್ದು. ವಾರವೆಲ್ಲ ಯಾರದೋ ಗಂಡ, ಯಾರದೋ ಮೇಸ್ತ್ರಿ, ಯಾರದೋ ಅಪ್ಪ ಆಗಿದ್ದವರು ಅಲ್ಲಿಗೆ ಬರುತ್ತಿದ್ದುದೇ ಅದನ್ನೆಲ್ಲ ಇಳಿಸಿ ಕೂರುವುದಕ್ಕೆ. ಎಲ್ಲರೂ ಒಂದೊಂದು ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು. ಬಕೆಟ್ಟಿನ ಮೇಲೆ ಏನು ಬರೆದಿತ್ತೋ ಅದೇ ಹೆಸರು. ವರ್ನಾಳದು ಶಾಲೆಯ ಅಡುಗೆಮನೆಯಿಂದ ಕೇಳಿ ತಂದ, ಸೌತೆಕಾಯಿ ಉಪ್ಪಿನಕಾಯಿ ತುಂಬಿ ಬರುವ ಬಿಳಿ ಬಕೆಟ್ಟು. ಹಾಗಾಗಿ ಅವಳು ಉಪ್ಪಿನಕಾಯಿ. ಹಸಿರು ವ್ಯಾನಿನವನದು ಗೋಡೆಗೆ ಮೆತ್ತುವ ಗಾರೆಯ ಬಕೆಟ್ಟು, ಅವನು ಗಾರೆ. ಪಂಪ್‌ಹೌಸಿನ ಆಚೆ ಕೂರುತ್ತಿದ್ದ ಅಣ್ಣತಮ್ಮಂದಿರು ದೊಡ್ಡ ಪೇಂಟು ಮತ್ತು ಸಣ್ಣ ಪೇಂಟು.

ವರ್ನಾ ಮೊದಲು ಅಲ್ಲಿಗೆ ಬಂದದ್ದು ಮೀನಿನ ಆಸೆಯಿಂದಲ್ಲ. ಗಂಡ ಎಮಿಲ್ ತೀರಿಕೊಂಡ ಮೂರನೆಯ ವರ್ಷ, ಗ್ಯಾರೇಜಿನಲ್ಲಿದ್ದ ಅವನ ಗಾಳದ ಕೋಲುಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದು ಕಾರಿನಲ್ಲಿ ಹಾಕಿಕೊಂಡು ಹೊರಟವಳು, ದಾರಿಯಲ್ಲಿ ಜಲಾಶಯದ ಬಳಿ ನಿಲ್ಲಿಸಿದಳು. ಆಗ ಅವಳಿಗೆ ಐವತ್ತು. ವಾರದಲ್ಲಿ ಐದು ದಿನ ನಲವತ್ತೆಂಟು ಮಕ್ಕಳು ಅವಳ ಹೆಸರು ಹಿಡಿದು ಕಿರುಚುತ್ತಿದ್ದವು. ಉಳಿದೆರಡು ದಿನ ಒಂದು ನರಪಿಳ್ಳೆಯೂ ಕರೆಯುತ್ತಿರಲಿಲ್ಲ. ಅವಳು ದಾರ ಸಿಕ್ಕು ಮಾಡಿಕೊಂಡು ಒದ್ದಾಡುತ್ತಿದ್ದಾಗ ಪಕ್ಕದ ಗಾರೆ ಬಕೆಟ್ಟಿನವನು ಅವಳ ಕಡೆ ತಿರುಗದೆಯೇ ಕೈ ಚಾಚಿ, “ಕೊಡಿಲ್ಲಿ, ಕಾಗೆ ಗೂಡು ಕಟ್ಟೋ ಹಾಗೆ ಕಟ್ತಾ ಇದೀಯ,” ಅಂದಿದ್ದ.

ಆಮೇಲೆ ಹನ್ನೊಂದು ವರ್ಷ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಬಿಟ್ಟರೆ ಪ್ರತಿ ಶನಿವಾರ. ಅವನ ಎಡಗಿವಿ ಮಂದ. ಅವಳು ಬಲಗಡೆ ಕೂರುತ್ತಿದ್ದಳು. ಅವನು ಮೀನು ತಿನ್ನುತ್ತಿರಲಿಲ್ಲ, ಹಿಡಿದದ್ದನ್ನೆಲ್ಲ ಅವಳ ಬಕೆಟ್ಟಿಗೆ ಹಾಕುತ್ತಿದ್ದ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದೆ ಎಂದು ಮುಂದಿನ ವಾರ ಅವಳು ಹೇಳಿದರೆ ಮುಖ ಕಿವಿಚುತ್ತಿದ್ದ. ಎಮಿಲ್ ಆಸ್ಪತ್ರೆಯಲ್ಲಿ ಕಡೆಗೆ ಏನಂದ ಎನ್ನುವುದನ್ನು ವರ್ನಾ ತನ್ನ ತಂಗಿಗೂ ಹೇಳಿರಲಿಲ್ಲ. ಗಾರೆಗೆ ಹೇಳಿದ್ದಳು, ಇಬ್ಬರೂ ನೀರಿನ ಮೇಲೆ ತೇಲುವ ಗಾಳದ ಬೆಂಡುಗಳನ್ನೇ ನೋಡುತ್ತಿದ್ದಾಗ. ಅವನು, “ನಿನ್ನ ಬೆಂಡು ಮುಳುಗ್ತಿದೆ ನೋಡು,” ಅಂದಿದ್ದ. ಅದಕ್ಕಿಂತ ಒಳ್ಳೆಯ ಸಮಾಧಾನದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಕಳೆದ ಶನಿವಾರ, ಗೋಪುರಗಳು ಬೀಳುವ ಮೂರು ದಿನ ಮುಂಚೆ, ಅವನ ಬೆಂಡು ಎರಡು ಸಲ ಮುಳುಗಿದರೂ ಅವನು ಎಳೆದಿರಲಿಲ್ಲ.

“ನಿದ್ದೆ ಮಾಡ್ತಿದೀಯೇನೋ ಗಾರೆ?”

“ಇಲ್ಲ.”

“ಮತ್ತೆ? ಮೀನು ಊಟ ಮುಗಿಸಿ ಕೈ ತೊಳ್ಕೊಂಡು ಹೋಯ್ತು.”

ಅವನು ನಕ್ಕಿರಲಿಲ್ಲ. “ಕತ್ತಿನಲ್ಲಿ ಒಂದು ಗಂಟು ಬಂದಿದೆ ಕಣೇ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಾರೆ. ಮಂಗಳವಾರ ಹೇಳ್ತಾರಂತೆ.”

“ಏನೂ ಇರಲ್ಲ ಬಿಡು.”

“ನೀನ್ಯಾವಾಗ ಡಾಕ್ಟ್ರಾದೆ?”

“ಬಸ್ಸಲ್ಲಿ ದಿನಾ ಇಬ್ರು ಮೂವರು ವಾಂತಿ ಮಾಡ್ಕೋತಾರೆ. ಅಷ್ಟು ಅನುಭವ ಸಾಲದಾ?”

ಆಗ ಸ್ವಲ್ಪ ನಕ್ಕಿದ್ದ.

ಆ ಮಂಗಳವಾರ ಮಧ್ಯಾಹ್ನವೇ ಶಾಲೆ ಬಿಟ್ಟರು. ಎಂದೂ ಬಾರದ ತಾಯಂದಿರೆಲ್ಲ ಪ್ರತಿ ನಿಲ್ದಾಣದಲ್ಲಿ ನಿಂತು ಮಕ್ಕಳನ್ನು ಬಸ್ಸಿನಿಂದ ಎತ್ತಿಕೊಂಡೇ ಇಳಿಸಿದರು. ಬಸ್ಸು ಖಾಲಿಯಾದ ಮೇಲೆ ವರ್ನಾ ರೇಡಿಯೋ ಹಾಕಿ, ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತಳು. ಅಳು ನಿಂತ ಮೇಲೆ ಅವಳಿಗೆ ಹೊಳೆದದ್ದು, ಗಾರೆ ಈಗ ಡಾಕ್ಟರ ಹತ್ತಿರ ಇದ್ದಾನೆ. ಹಾಗೆ ಹೊಳೆದದ್ದಕ್ಕೆ ನಾಚಿಕೆಯಾಯಿತು. ಆದರೆ ನೀನು ಆ ಹೊತ್ತಿಗೆ ಎಲ್ಲಿದ್ದೆ ಎಂದು ಊರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಅವಳು ಕೇಳಬೇಕಾದವನೊಬ್ಬನೇ ಸಿಗದೆ ಹೋದ.

ಎರಡು ಶನಿವಾರ ಮೇಪಲ್ ಮರದಡಿ ಕಾದಳು. ಮೂರನೆಯದಕ್ಕೆ ಗಾಳದ ಹುಳು ಮಾರುವ ಡೆಲ್ಲಾಳ ಅಂಗಡಿಗೆ ಹೋದಳು. ಡೆಲ್ಲಾ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಪದಬಂಧ ಬಿಡಿಸುತ್ತಿದ್ದಳು. ಕೆರೆ ಮುಚ್ಚಿದ ಮೇಲೆ ಅವಳಿಗೂ ಕೆಲಸವಿರಲಿಲ್ಲ.

“ಗಾರೆನಾ? ಯಾವ ಗಾರೆ? ನನ್ನ ಗಿರಾಕಿಗಳಲ್ಲೇ ಮೂರು ಜನ ಗಾರೆ ಇದಾರೆ.”

“ಹಸಿರು ವ್ಯಾನು. ಬೂದು ಟೋಪಿ.”

“ನೋಡೋಕೆ ಹೇಗಿದಾನೆ?”

ವರ್ನಾ ಬಾಯಿ ತೆರೆದಳು. ಬಲಗೆನ್ನೆ ಗೊತ್ತಿತ್ತು, ಬಲಗಿವಿ ಗೊತ್ತಿತ್ತು, ಟೋಪಿಯ ಕೆಳಗೆ ಕಾಣುತ್ತಿದ್ದ ಮೂಗು ಗೊತ್ತಿತ್ತು. ಇದಿರಿನಿಂದ ಅವನು ಹೇಗೆ ಕಾಣುತ್ತಾನೆಂದು ಹೇಳಲು ಹೋದರೆ ಏನೂ ಬರಲಿಲ್ಲ.

“ಹನ್ನೊಂದು ವರ್ಷ ಪಕ್ಕದಲ್ಲಿ ಕೂತಿದೀಯ, ಮುಖ ಗೊತ್ತಿಲ್ವಾ?” ಡೆಲ್ಲಾ ಪೆನ್ನು ಕೆಳಗಿಟ್ಟಳು. “ನನ್ನ ಗಂಡನ ಮುಖಾನೂ ನಂಗೆ ಹಾಗೇ ಮರೆತುಹೋದ್ರೆ ಎಷ್ಟು ಚೆನ್ನಾಗಿರೋದು.” ಆಮೇಲೆ ವರ್ನಾಳ ಮುಖ ನೋಡಿ ನಗು ನಿಲ್ಲಿಸಿ ಹೇಳಿದಳು. “ಸೋಮವಾರ ಸಂಜೆ ಊರ ಸಭೆ ಇದೆ, ಕೆರೆ ವಿಷಯಕ್ಕೇ. ಮೀನು ಹಿಡಿಯೋರೆಲ್ಲ ಬರ್ತಾರೆ. ಅವನೂ ಬರಬಹುದು, ಹೋಗು.”

ಸಭೆಗೆ ದೊಡ್ಡ ಪೇಂಟು ಬಂದಿದ್ದ, ಸಣ್ಣ ಪೇಂಟು ಬಂದಿದ್ದ. ಬಕೆಟ್ಟಿಲ್ಲದೆ, ಮಡಚುವ ಕುರ್ಚಿಗಳ ಮೇಲೆ, ಹೆಂಡಂದಿರ ಪಕ್ಕದಲ್ಲಿ ಅವರು ಬೇರೆ ಯಾರೋ ಆಗಿ ಕಾಣುತ್ತಿದ್ದರು. ಗಾರೆ ಬಂದಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ವರ್ನಾ ತಿರುಗಿ ನೋಡಿದಳು. ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ. ಅಲ್ಲಿ ಮೀನು ಹಿಡಿಯುವುದು ಅರವತ್ತು ವರ್ಷದ ರೂಢಿ ಎಂದರು ಕೆಲವರು. ನೀರು ಕುಡಿಯುವ ಮಕ್ಕಳ ಗತಿಯೇನು ಎಂದರು ಕೆಲವರು. ನೀರಿನ ಕಂಪನಿಯಿಂದ ಬಂದಿದ್ದ ಯುವಕ ಎಲ್ಲಕ್ಕೂ ತಲೆಯಾಡಿಸಿ, ಮುಂದಿನ ಆದೇಶದವರೆಗೆ ಎಂದ. ಅವನನ್ನು ಬೈಯುವುದಕ್ಕೂ ಯಾರಿಗೂ ಮನಸ್ಸಿದ್ದಂತಿರಲಿಲ್ಲ.

ವರ್ನಾ ಯಾಕೆ ಕೈ ಎತ್ತಿದಳೋ ಅವಳಿಗೇ ತಿಳಿಯಲಿಲ್ಲ. ಮೈಕಿನ ಮುಂದೆ ನಿಂತಾಗ ಅಧ್ಯಕ್ಷೆ, “ದಾಖಲೆಗೆ ಹೆಸರು, ವಿಳಾಸ ಹೇಳಿ,” ಅಂದಳು.

“ವರ್ನಾ ಸ್ಟಾಸ್ಕೊ. ನಲವತ್ತೊಂದು, ಕ್ವಾರಿ ರಸ್ತೆ.”

ಹಿಂದಿನಿಂದ ಸಣ್ಣ ಪೇಂಟು ತನ್ನ ಹೆಂಡತಿಗೆ ಹೇಳಿದ್ದು ಕೇಳಿಸಿತು. “ಓ, ಉಪ್ಪಿನಕಾಯಿ ಹೆಸರು ವರ್ನಾನಾ!”

“ಕೆರೆ ವಿಷಯ ಇವರೆಲ್ಲ ಹೇಳಿದಾರೆ,” ಅಂದಳು ವರ್ನಾ. “ನಾನು ಒಬ್ಬರನ್ನ ಹುಡುಕ್ತಾ ಇದೀನಿ. ಪಂಪ್‌ಹೌಸಿನ ಹತ್ರ, ಗಾರೆ ಬಕೆಟ್ ಮೇಲೆ ಕೂರ್ತಿದ್ರು. ಹಸಿರು ವ್ಯಾನು. ಅವರು ಹೇಗಿದಾರೆ ಅಂತ ಗೊತ್ತಾಗಬೇಕಿತ್ತು. ಅಷ್ಟೇ.”

ಯಾರೋ ಸಣ್ಣಗೆ ನಕ್ಕರು. ಅಧ್ಯಕ್ಷೆ ಕನ್ನಡಕ ತೆಗೆದು, “ಇನ್ನೂ ಎರಡೂವರೆ ನಿಮಿಷ ಇದೆ ಮಿಸೆಸ್ ಸ್ಟಾಸ್ಕೊ,” ಅಂದಳು, ಮೆತ್ತಗೆ.

“ಬೇಡ, ಸಾಕು.”

ಸಭೆಯನ್ನು ಊರಿನ ಟಿವಿ ಚಾನೆಲ್ಲಿನಲ್ಲಿ ವಾರವಿಡೀ ಹಾಕಿದರು. ಬುಧವಾರ ಆರನೇ ತರಗತಿಯ ಹುಡುಗಿಯೊಬ್ಬಳು ಬಸ್ಸು ಹತ್ತುತ್ತಲೇ ಕೂಗಿದಳು. “ಮಿಸ್ ವರ್ನಾ! ಟಿವೀಲಿ ಬಾಯ್‌ಫ್ರೆಂಡ್ ಹುಡುಕ್ತಾ ಇದ್ರಂತೆ! ಸಿಕ್ಕಿದ್ನಾ?”

“ಕೂತ್ಕೋ ಹೋಗು. ಹಳದಿ ಗೆರೆ ದಾಟಿ ನಿಂತಿದೀಯ.”

ಬಸ್ಸೆಲ್ಲ ಕೇಕೆ ಹಾಕಿತು. ವರ್ನಾ ಗೇರು ಹಾಕಿದಳು.

ಭಾನುವಾರ ಮಧ್ಯಾಹ್ನ ಬಾಗಿಲ ಗಂಟೆ ಸದ್ದು ಮಾಡಿತು. ಇಸ್ತ್ರಿ ಮಾಡಿದ ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು, ಕೈಯಲ್ಲಿ ಅಂಗಡಿಯಿಂದ ತಂದ ಆಪಲ್ ಪೈ ಹಿಡಿದು ಅಗಲ ಮುಖದ ಮುದುಕನೊಬ್ಬ ನಿಂತಿದ್ದ. ಏನನ್ನೋ ಮಾರಲು ಬಂದವನೆಂದುಕೊಂಡಳು.

“ಮಿಸೆಸ್ ಸ್ಟಾಸ್ಕೊ?” ಅಂದ. ದನಿ ಕೇಳಿದ ಮೇಲೆಯೇ ಗೊತ್ತಾದದ್ದು.

“ಅಯ್ಯೋ,” ಅಂದಳು. “ಬನ್ನಿ, ಬನ್ನಿ ಒಳಗೆ.”

“ಎಲ್ಡನ್ ಕ್ರೌಸ್,” ಅಂದ ಅವನು, ಕೈ ಚಾಚಿ. ಕುಲುಕಿದರು. ಅವನ ಅಂಗೈ ಒರಟಾಗಿತ್ತು. ಅದೂ ಅವಳಿಗೆ ಹೊಸದು.

ಅಡುಗೆಮನೆಯ ಮೇಜಿನ ಆಚೆ ಅವನು, ಈಚೆ ಅವಳು. ಕಾಫಿ ಬಗ್ಗಿಸಿದಳು, ಅಕ್ರೋಟಿನ ಸುರುಳಿ ರೊಟ್ಟಿಯನ್ನು ಕತ್ತರಿಸಿಟ್ಟಳು. ನಿಮ್ಮ ಮನೆ ಚೆನ್ನಾಗಿದೆ ಎಂದ. ಛಾವಣಿ ಸೋರುತ್ತೆ ಎಂದಳು. ಗೋಡೆಯ ಒಂದು ಬಿರುಕನ್ನು ಅವನು ಕಸುಬಿನವನ ಕಣ್ಣಿನಿಂದ ನೋಡಿದ. ಮಾತು ನಿಂತಿತು. ದಂಡೆಯ ಮೇಲೆ ಗಂಟೆಗಟ್ಟಲೆ ಮಾತಿಲ್ಲದೆ ಕೂತವರು. ಇಲ್ಲಿ ಅರ್ಧ ನಿಮಿಷಕ್ಕೇ ಇಬ್ಬರಿಗೂ ಬೆವರಿತು. ನೋಡುವುದಕ್ಕೆ ಇದ್ದದ್ದು ಒಬ್ಬರ ಮುಖ ಒಬ್ಬರಿಗೆ, ಅಷ್ಟೇ.

“ಮಂಗಳವಾರ…” ಅಂದಳು ವರ್ನಾ ಕೊನೆಗೆ.

“ಅವತ್ತು ಡಾಕ್ಟ್ರ ಹತ್ರಾನೇ ಇದ್ದೆ. ಕಾಯೋ ಕೋಣೇಲಿ ಟಿವಿ ಇತ್ತು. ಎಲ್ಲರೂ ಎದ್ದು ನಿಂತ್ರು. ನರ್ಸುಗಳೂ ಬಂದ್ರು, ಡಾಕ್ಟ್ರೂ ಬಂದು ನಮ್ ಮಧ್ಯಾನೇ ನಿಂತ್ಕೊಂಡ್ರು. ಯಾರೂ ನನ್ನ ಹೆಸರು ಕರೀಲಿಲ್ಲ. ಎರಡು ಗಂಟೆ ನಿಂತಿದ್ದು ಮನೆಗೆ ಬಂದೆ. ಅವತ್ತು ನನ್ನ ಕತ್ತಿನ ವಿಷಯ ಹೇಗೆ ಕೇಳೋದು ಹೇಳಿ.”

“ಆಮೇಲೆ ಹೋದ್ರಾ?”

“ಹೋದೆ.” ಚಮಚವನ್ನು ತಟ್ಟೆಯ ಅಂಚಿಗೆ ಸರಿಯಾಗಿ ಇಟ್ಟ. “ಏನಿಲ್ಲ. ಎಲ್ಲಾ ಸರಿಯಾಗಿದೆ.”

ವರ್ನಾ ಅವನ ಮುಖವನ್ನೇ ನೋಡಿದಳು. ತಪ್ಪಿಸಿಕೊಂಡ ಮೀನಿನ ಉದ್ದವನ್ನು ಎಷ್ಟು ಇಂಚು ಹೆಚ್ಚಿಸಿ ಹೇಳುತ್ತಿದ್ದಾನೆಂದು ದಂಡೆಯ ಮೇಲೆ ಅವಳು ಅವನ ಉಸಿರಿನಿಂದಲೇ ಹೇಳಬಲ್ಲವಳಾಗಿದ್ದಳು. ಈ ಅಗಲವಾದ, ಕ್ಷೌರ ಮಾಡಿದ, ಮರ್ಯಾದೆಯ ಮುಖವನ್ನು ಓದುವುದು ಅವಳಿಗೆ ಗೊತ್ತಿರಲಿಲ್ಲ. ಅವನು ಮುಗುಳ್ನಕ್ಕ. ಆ ನಗೆ ನಿಜವೋ ಸುಳ್ಳೋ ಎಂದೂ ತಿಳಿಯಲಿಲ್ಲ.

“ಒಳ್ಳೇದಾಯ್ತು,” ಅಂದಳು. “ತುಂಬ ಒಳ್ಳೇದಾಯ್ತು.”

ಇಪ್ಪತ್ತು ನಿಮಿಷಕ್ಕೆ ಅವನು ಎದ್ದ. ಕಾಫಿಗೆ ಥ್ಯಾಂಕ್ಸ್ ಹೇಳಿದ. ಬಾಗಿಲು ದಾಟಿ, ಬೂದು ಟೋಪಿಯನ್ನು ಜೇಬಿನಿಂದ ತೆಗೆದು ಹಾಕಿಕೊಂಡು ಮೊದಲ ಮೆಟ್ಟಿಲು ಇಳಿದಾಗ ವರ್ನಾಳಿಗೆ ತಡೆಯಲಾಗಲಿಲ್ಲ.

“ಗಾರೆ.”

ಅವನು ನಿಂತ, ಬೀದಿಯ ಕಡೆಗೇ ಮುಖ ಮಾಡಿಕೊಂಡು.

“ಸುಳ್ಳು ಹೇಳಬೇಡ. ಏನಂದ್ರು?”

ಬೀದಿಯ ಆಚೆ ಯಾರೋ ಎಲೆ ಗುಡಿಸುತ್ತಿದ್ದರು. ಅವನು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

“ಶನಿವಾರ ಹೇಳ್ತೀನಿ ಕಣೇ,” ಅಂದ.

ಬಾಯಿಗೆ ಬಂದದ್ದು ಹಾಗೆ. ಹೇಳಿದ ಮೇಲೆಯೇ ಅವನಿಗೆ ತಾನೇನಂದೆ ಎಂದು ಹೊಳೆದದ್ದು. ಕೆರೆಯ ಗೇಟಿಗೆ ಇನ್ನೂ ಸರಪಳಿ ಇತ್ತು. ಎಲ್ಲಿ ಎಂದು ಅವಳು ಕೇಳಲಿಲ್ಲ. ಅವನು ಪಕ್ಕದ ಕಂಬಿ ಹಿಡಿದುಕೊಂಡು ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ. ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಕತ್ತು ತಿರುಗಿಸಲಿಲ್ಲ. ಕನ್ನಡಿಯನ್ನಷ್ಟೇ ನೋಡಿಕೊಂಡು ಬಹಳ ನಿಧಾನವಾಗಿ ತೆಗೆದ.

ಸಂಜೆ ವರ್ನಾ ಫೋನ್ ಪುಸ್ತಕ ತೆರೆದಳು. ಈಗ ಹುಡುಕುವುದಕ್ಕೆ ಒಂದು ಹೆಸರಿತ್ತು. ಕ್ರೌಸ್, ಎಲ್ಡನ್, ಜಲಾಶಯದ ಹಿಂದಿನ ಗುಡ್ಡದ ಆಚೆಯ ರಸ್ತೆ. ಇಷ್ಟು ವರ್ಷವೂ ಆ ನಂಬರು ಅಲ್ಲೇ ಇತ್ತು. ಫೋನನ್ನು ಕೈಗೆ ತೆಗೆದುಕೊಂಡಳು, ಮತ್ತೆ ಇಟ್ಟಳು. ಫೋನಿನಲ್ಲಿ ಏನಾದರೂ ಮಾತಾಡುತ್ತಲೇ ಇರಬೇಕು. ಸುಮ್ಮನೆ ಕೂತರೆ ಲೈನು ಕಟ್ಟಾಗಿದೆ ಎಂದುಕೊಂಡು ಆ ಕಡೆಯವರು ಇಟ್ಟುಬಿಡುತ್ತಾರೆ. ಅವಳು ಆ ಹೆಸರಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು.